ಕೋಲು ಬ್ರೆಡ್ಡಿನ ತುದಿಯಿಂದ ಶುರುಮಾಡಿ

ಪ್ಯಾರಿಸ್‌ಗೆ ಹೊರಟ ನೆಂಟರಿಷ್ಟರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಚಳಿ ಎಷ್ಟಿರುತ್ತದೆ, ಅಲ್ಲಿ ತಿನ್ನಲಿಕ್ಕೆ ಏನು ಸಿಗುತ್ತದೆ. ಚಳಿಯ ಪ್ರಶ್ನೆಗೆ ಅವರ ಫೋನಿನಲ್ಲೇ ಉತ್ತರವಿದೆ. ಎರಡನೆಯದಕ್ಕೆ ನಾನು ಹೇಳುವುದು ಇಷ್ಟೇ: ಪೆಟ್ಟಿಗೆ ಇಳಿಸಿ, ಮುಖ ತೊಳೆದು, ಹತ್ತಿರದ ಬ್ರೆಡ್ಡಿನ ಅಂಗಡಿಗೆ ಹೋಗಿ. ಅಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದರ ಪಕ್ಕದಲ್ಲಿ ನಿಂತಿರುವ, ಹತ್ತಿಪ್ಪತ್ತು ಸೆಂಟ್ ಹೆಚ್ಚು ಬೆಲೆಯ ಉದ್ದನೆಯ ಬ್ರೆಡ್ಡನ್ನು ಕೊಳ್ಳಿ. ಗಾಜಿನ ಹಿಂದೆ ಮಿರಮಿರ ಮಿನುಗುವ ಕೇಕುಗಳ ಕಡೆಗೆ ಮೊದಲ ದಿನ ಕಣ್ಣು ಹಾಯಿಸಬೇಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಇದನ್ನು ತಪ್ಪು ಮಾಡಿಯೇ ಕಲಿತದ್ದು. ಮೊದಲ ಸಲ ಹೋದಾಗ ರೈಲು ನಿಲ್ದಾಣದೊಳಗಿನ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಸ್ಯಾಂಡ್‌ವಿಚ್ ಕೊಂಡು, ಹೊತ್ತು ಮೀರಿದ ಹಸಿವಿನಲ್ಲಿ ಕಚ್ಚಿ, ‘ಇಷ್ಟಕ್ಕೇ ಇಷ್ಟೆಲ್ಲ ಹೆಸರಾ’ ಅಂದುಕೊಂಡಿದ್ದೆ. ಬ್ರೆಡ್ಡು ರಬ್ಬರಿನಂತಿತ್ತು. ಎರಡು ದಿನ ಆ ದೇಶದ ಬ್ರೆಡ್ಡಿನ ಮೇಲೆಯೇ ಮುನಿಸಿಕೊಂಡಿದ್ದೆ.

ಎರಡನೆಯ ಸಲ ಬಾಗಲಕೋಟೆಯ ನಮ್ಮ ದೊಡ್ಡವ್ವ ಜೊತೆಗಿದ್ದಳು. ಅವಳ ಚೀಲದಲ್ಲಿ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆಗೆ ಸಾಸಿವೆ, ಜೀರಿಗೆ. ಮೊಟ್ಟೆಯ ವಾಸನೆಯೂ ಆಗದವಳು. ಊರಿನ ಪೂರ್ವಭಾಗದ ಓಣಿಯೊಂದರಲ್ಲಿ ಮನೆ ಹಿಡಿದಿದ್ದೆವು. ಬೆಳಿಗ್ಗೆ ಏಳೂವರೆಗೆ ನಾನು ಕಂಕುಳಲ್ಲಿ ಬ್ರೆಡ್ಡು ಹಿಡಿದುಕೊಂಡು ಬಂದಾಗ ದೊಡ್ಡವ್ವ ಅದನ್ನು ಬೆರಳಿನಿಂದ ಬಡಿದು ನೋಡಿದಳು. ಟಕಟಕ ಅಂದಿತು. ತುದಿಯನ್ನು ಮುರಿದಳು. ಚಿಪ್ಪು ಚೂರಾಗಿ ಮೇಜಿನ ಮೇಲೆಲ್ಲ ಉದುರಿತು. ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಅಗಿದು, “ಇದು ನಮ್ಮ ರೊಟ್ಟಿ ಬಳಗನ ಐತಿ ನೋಡ್ ತಮ್ಮಾ” ಎಂದಳು.

ಬೆಂಗಳೂರಿನಲ್ಲಿ ಬೆಳೆದ ನನಗೆ ಹೊಳೆಯದೇ ಇದ್ದದ್ದು ಅವಳಿಗೆ ಮೊದಲ ತುತ್ತಿಗೇ ಹೊಳೆದಿತ್ತು. ನಮ್ಮ ನಾಲಿಗೆಗೆ ಬ್ರೆಡ್ಡು ಎಂದರೆ ಅಯ್ಯಂಗಾರ್ ಬೇಕರಿಯ ಬನ್ನು: ಮೆತ್ತಗೆ, ತುಸು ಸಿಹಿ, ಒತ್ತಿದರೆ ಒಳಗೆ ಹೋಗಿ ಮತ್ತೆ ಎದ್ದು ಬರುವಂಥದ್ದು. ಆ ಅಳತೆಗೋಲು ಹಿಡಿದುಕೊಂಡು ಹೋದರೆ ಫ್ರಾನ್ಸಿನ ಬ್ರೆಡ್ಡು ‘ಹಳಸಿದ್ದು, ಒಣಗಿದ್ದು, ಅಂಗುಳು ಗೀರುವಂಥದ್ದು’ ಅನ್ನಿಸುತ್ತದೆ. ಖಡಕ್ ರೊಟ್ಟಿ ತಿಂದವರಿಗೆ ಗಟ್ಟಿ ಎಂಬುದು ದೋಷವಲ್ಲ. ಅದನ್ನು ಹಲ್ಲಿನಿಂದ ಕಚ್ಚಿ ಎಳೆಯಬಾರದು, ಕೈಯಿಂದ ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿಯಬೇಕು. ಅಷ್ಟು ಗೊತ್ತಿದ್ದರೆ ಅರ್ಧ ಫ್ರೆಂಚರಾದ ಹಾಗೆ.

ಯಾವುದನ್ನು ಕೇಳಬೇಕು

ಬಗೆಟ್ ಎಂದರೆ ಫ್ರೆಂಚಿನಲ್ಲಿ ಕೋಲು, ಕಡ್ಡಿ. ಸುಮಾರು ಎರಡಡಿ ಉದ್ದ, ಸುಮಾರು 250 ಗ್ರಾಂ ತೂಕ. ಆದರೆ ಬರೀ ‘ಬಗೆಟ್’ ಎಂದು ಕೇಳಿದರೆ ಸಾದಾ ಬಗೆಟ್ ಕೊಡುತ್ತಾರೆ: ಸಮವಾದ ಬಣ್ಣ, ಬಿಳಿಯ ಒಳಭಾಗ, ಕೆಟ್ಟದ್ದೇನಲ್ಲ. ನೀವು ಕೇಳಬೇಕಾದದ್ದು ‘ತ್ರಾದಿಸಿಯೊಂ’. ಅಲ್ಲಿಯವರು ಮೊಟಕು ಮಾಡಿ ‘ತ್ರಾದಿ’ ಎನ್ನುತ್ತಾರೆ. ನೋಡಲು ಕೊಂಚ ಒಡ್ಡೊಡ್ಡು, ತುದಿಗಳು ಚೂಪು, ಮೇಲೆ ಬ್ಲೇಡಿನಿಂದ ಗೀರಿದ ಕಡೆ ಸಿಡಿದು ಎದ್ದ ಏಣು, ಬಣ್ಣ ಬೆಲ್ಲದಿಂದ ಕಂದಿನವರೆಗೆ. ಬೆಲೆ ಒಂದರಿಂದ ಒಂದೂವರೆ ಯೂರೊ ಆಸುಪಾಸು.

ಇದರ ಹಿಂದೆ ಒಂದು ಸರ್ಕಾರಿ ಆದೇಶವಿದೆ. 1993ರ ಸೆಪ್ಟೆಂಬರ್ 13ರಂದು ಹೊರಟದ್ದು. ಕಾರ್ಖಾನೆಯ ಬ್ರೆಡ್ಡು, ಹೆಪ್ಪುಗಟ್ಟಿಸಿದ ಹಿಟ್ಟು ಊರೆಲ್ಲ ಹರಡಿ ಓಣಿಯ ಬೇಕರಿಗಳು ಕುಸಿಯುತ್ತಿದ್ದ ಹೊತ್ತದು. ‘ಫ್ರೆಂಚ್ ಸಂಪ್ರದಾಯದ ಬ್ರೆಡ್ಡು’ ಎಂಬ ಹೆಸರಿನಲ್ಲಿ ಮಾರುವುದಾದರೆ ಗೋಧಿ ಹಿಟ್ಟು, ನೀರು, ಉಪ್ಪು, ಹುದುಗಿಗೆ ಯೀಸ್ಟು ಇಲ್ಲವೇ ಹುಳಿಹಿಟ್ಟು, ಇಷ್ಟೇ ಇರಬೇಕು ಎಂದಿತು ಆದೇಶ. ಬೇಕಿದ್ದರೆ ಫಾವಾ ಕಾಳಿನ ಹಿಟ್ಟು ಶೇ 2, ಸೋಯಾ ಹಿಟ್ಟು ಶೇ 0.5, ಮೊಳಕೆ ಗೋಧಿಯ ಹಿಟ್ಟು ಶೇ 0.3 ಮೀರದಂತೆ ಸೇರಿಸಬಹುದು. ಬೇರೆ ಯಾವ ರಾಸಾಯನಿಕವೂ ಕೂಡದು. ಹಿಟ್ಟನ್ನು ಯಾವ ಹಂತದಲ್ಲೂ ಹೆಪ್ಪುಗಟ್ಟಿಸಕೂಡದು.

ಫ್ರೆಂಚರು ಇದನ್ನು ಮಾಡಿಕೊಂಡದ್ದು ತಮ್ಮ ಬೇಕರಿಯವರ ಹೊಟ್ಟೆಪಾಡಿಗೆ. ಆದರೆ ಇದರಿಂದ ನಿಶ್ಚಿಂತೆಯಾದದ್ದು ನಮ್ಮ ದೊಡ್ಡವ್ವನಂಥವರಿಗೂ. ಬೆಣ್ಣೆ, ಹಾಲು, ಮೊಟ್ಟೆ, ಕೊಬ್ಬು ಯಾವುದೂ ಆ ಪಟ್ಟಿಯಲ್ಲಿಲ್ಲ. ಇಡೀ ಊರಿನಲ್ಲಿ ‘ಇದರಲ್ಲಿ ಏನೇನು ಹಾಕಿದ್ದೀರಿ’ ಎಂದು ವಿಚಾರಿಸದೆ ಕಟ್ಟಾ ಸಸ್ಯಾಹಾರಿಯೊಬ್ಬರು ಕೈಚಾಚಿ ತೆಗೆದುಕೊಳ್ಳಬಹುದಾದ ತಿನಿಸು ಇದೊಂದೇ ಎಂದು ನಾನು ಹೇಳುವುದುಂಟು.

ನಾಲ್ಕು ಸಾಮಗ್ರಿಯಲ್ಲಿ ಅಷ್ಟು ರುಚಿ ಬರುವುದು ಹೇಗೆ? ಹೊತ್ತಿನಿಂದ. ದೋಸೆ ಹಿಟ್ಟಿನ ಸಂಗತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಬೇಕರಿಯವರು ಯೀಸ್ಟು ಕಡಿಮೆ ಹಾಕಿ, ಹಿಟ್ಟನ್ನು ತಂಪಿನಲ್ಲಿ ಬಹಳ ತಾಸು ಹುದುಗು ಬರಲು ಬಿಡುತ್ತಾರೆ. ಆಮೇಲೆ ಸುಮಾರು 250 ಡಿಗ್ರಿ ಕಾದ ಭಟ್ಟಿಗೆ ತಳ್ಳಿ ಒಳಗೆ ಹಬೆ ಬಿಡುತ್ತಾರೆ. ಹಬೆಯಿಂದ ಮೇಲ್ಮೈ ಕೂಡಲೇ ಗಟ್ಟಿಯಾಗದೆ, ಬ್ರೆಡ್ಡು ಉಬ್ಬಲು ಅವಕಾಶ ಸಿಗುತ್ತದೆ. ಕೊನೆಗೆ ತೆಳುವಾದ ಹೊಳೆಯುವ ಚಿಪ್ಪಾಗುತ್ತದೆ. ಇಪ್ಪತ್ತು-ಇಪ್ಪತ್ತೈದು ನಿಮಿಷದ ಕೆಲಸ. ಹೊರಗೆ ತೆಗೆದಾಗ ಚಿಪ್ಪು ತಣಿಯುತ್ತ ಬಿರುಕು ಬಿಡುವ ಸಣ್ಣ ಚಟಪಟ ಸದ್ದು ಕೇಳಿಸುತ್ತದೆ. ಅಲ್ಲಿಯವರು ‘ಬ್ರೆಡ್ಡು ಹಾಡುತ್ತಿದೆ’ ಎನ್ನುತ್ತಾರೆ. ನಿಮ್ಮ ಕೈಗೆ ಬಿಸಿಬಿಸಿಯೇ ಬಂದರೆ ಒಮ್ಮೆ ಕಿವಿಗೆ ಹಿಡಿದು ನೋಡಿ, ಯಾರೂ ನಗುವುದಿಲ್ಲ.

ಮುರಿದಾಗ ಒಳಗಿನ ತಿರುಳು ಅಚ್ಚ ಬಿಳಿ ಇರಬಾರದು, ಕೆನೆಯ ಬಣ್ಣವಿರಬೇಕು. ಸೆಟ್ ದೋಸೆಯ ಮೇಲಿನ ತೂತುಗಳಂತೆ ಒಂದು ದೊಡ್ಡದು, ಒಂದು ಸಣ್ಣದು, ಲೆಕ್ಕವಿಲ್ಲದ ತೂತುಗಳು. ಚಿಪ್ಪಿನ ರುಚಿ ಹುರಿದ ಶೇಂಗಾದ ಹತ್ತಿರ ಹೋಗುತ್ತದೆ. ತಿರುಳಿನಲ್ಲಿ ತುಸು ಹುಳಿ, ಅಗಿಯುತ್ತ ಹೋದಂತೆ ಸಿಹಿ. ಪಲ್ಯವಿಲ್ಲದೆ, ಸಾರಿಲ್ಲದೆ, ಬರಿದೇ ತಿನ್ನಬಹುದು. ಮೊದಲ ದಿನ ಹಾಗೇ ತಿನ್ನಿ ಎಂಬುದು ನನ್ನ ಶಿಫಾರಸು.

ಅಂಗಡಿ ಗುರುತಿಸುವುದು

ಫಲಕದ ಮೇಲೆ ‘ಬುಲಾಂಜರಿ’ ಎಂದಿದೆಯೇ ನೋಡಿ. 1998ರ ಮೇ ತಿಂಗಳ ಕಾನೂನಿನಂತೆ, ಹಿಟ್ಟು ಕಲಸುವುದರಿಂದ ಹಿಡಿದು ಹುದುಗು ಬರಿಸಿ, ಆಕಾರ ಕೊಟ್ಟು, ಸುಡುವವರೆಗಿನ ಎಲ್ಲ ಕೆಲಸವನ್ನೂ ಮಾರುವ ಜಾಗದಲ್ಲೇ ಮಾಡುವವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಬೇರೆಡೆಯಿಂದ ತರಿಸಿ ಮಾರುವವರು ‘ದೆಪೊ ದ ಪ್ಯಾಂ’, ಅಂದರೆ ಬ್ರೆಡ್ಡಿನ ಡಿಪೊ. ಹಳ್ಳಿಗಳಲ್ಲಿ ಅದೇ ಗತಿ ಇರಬಹುದು, ಬೈಯುವಂತಿಲ್ಲ. ಬರೀ ‘ಪಾತಿಸ್ರಿ’ ಎಂದಿದ್ದರೆ ಅದು ಕೇಕು-ಸಿಹಿಯ ಅಂಗಡಿ. ಎರಡೂ ಸೇರಿರುವುದೇ ಹೆಚ್ಚು. ನನ್ನ ಮೊದಲ ಸಲದ ನಿಲ್ದಾಣದ ಅಂಗಡಿಯ ಫಲಕದಲ್ಲಿ ಈ ಯಾವ ಮಾತೂ ಇರಲಿಲ್ಲ ಎಂದು ಆಮೇಲೆ ನೆನಪಾಯಿತು.

ಇನ್ನೊಂದು ಗುರುತು ಹೇಳುವವರಿದ್ದಾರೆ. ಬಗೆಟ್‌ನ ಅಡಿ ತಿರುಗಿಸಿ ನೋಡಿ. ಸಾಲುಸಾಲು ಸಣ್ಣ ಚುಕ್ಕೆ ಇದ್ದರೆ ಅದು ಜಾಲರಿ ತಟ್ಟೆಯ ಮೇಲೆ ಬೆಂದದ್ದು, ಕಾರ್ಖಾನೆಯ ಮಾಲಿರಬಹುದು. ನಯವಾಗಿದ್ದು ಹಿಟ್ಟು ಮೆತ್ತಿದ್ದರೆ ಭಟ್ಟಿಯ ಕಲ್ಲಿನ ಮೇಲೆ ಬೆಂದದ್ದು. ಇದೇನೂ ಪಕ್ಕಾ ಅಲ್ಲ, ಕೆಲವು ಒಳ್ಳೆಯ ಬೇಕರಿಯವರೂ ಜಾಲರಿ ಬಳಸುತ್ತಾರೆ. ನಾನು ನೆಚ್ಚುವುದು ಬೆಳಿಗ್ಗೆ ಮತ್ತು ಸಂಜೆ ಆರರ ಹೊತ್ತಿಗೆ ಅಂಗಡಿಯ ಮುಂದಿನ ಸಾಲನ್ನು. ಕೆಲಸ ಮುಗಿಸಿ ಮನೆಗೆ ಹೋಗುವ ಓಣಿಯವರು ಸಾಲಿನಲ್ಲಿ ನಿಂತಿದ್ದರೆ ಕಣ್ಣು ಮುಚ್ಚಿ ನಿಲ್ಲಿ. ಸಾಲು ಬೇಗ ಸರಿಯುತ್ತದೆ.

ಸರಿಯುತ್ತದೆ ಎಂದ ಮೇಲೆ ನಿಮ್ಮ ಸರದಿ ಬಂದಾಗ ತಡಬಡಿಸಬಾರದು. ಎಲ್ಲಕ್ಕೂ ಮೊದಲು ‘ಬೋಂಜೂರ್’. ಇದನ್ನು ಹೇಳದೆ ನೇರವಾಗಿ ಬೆರಳು ತೋರಿಸಿ ‘ಒನ್ ಬ್ರೆಡ್’ ಎಂದರೆ ಗಲ್ಲಾದ ಮೇಲಿನವರ ಮುಖ ಬಿಗಿಯುತ್ತದೆ. ನನಗೆ ಹಾಗೇ ಆಗಿತ್ತು. ಅಂಗಡಿಯಾಕೆ ಬ್ರೆಡ್ಡಿಗೆ ಕೈ ಹಾಕದೆ, ನನ್ನನ್ನೇ ನೋಡುತ್ತ, ತಾನೇ ಸಾವಕಾಶ ‘ಬೋಂಜೂರ್, ಮಸ್ಯೂ’ ಎಂದಳು. ನಾನು ಹೇಳುವವರೆಗೂ ಕಾದಳು. ಫ್ರೆಂಚರು ಒರಟರು ಎಂದು ದೂರುವ ನಮ್ಮವರಲ್ಲಿ ಬಹಳ ಮಂದಿ ಈ ಒಂದು ಮಾತನ್ನು ನುಂಗಿಕೊಂಡವರೇ ಇರಬೇಕು. ಅಲ್ಲಿ ಅಂಗಡಿಗೆ ಕಾಲಿಡುವುದೆಂದರೆ ಒಬ್ಬರ ಮನೆಗೆ ಕಾಲಿಟ್ಟ ಹಾಗೆ. ಮಾತಾಡಿಸದೆ ಸಾಮಾನು ಎತ್ತಿಕೊಳ್ಳುವುದು ಸಭ್ಯತೆಯಲ್ಲ.

ಆಮೇಲೆ: ‘ಯೂನ್ ತ್ರಾದಿಸಿಯೊಂ, ಸಿಲ್ ವೂ ಪ್ಲೇ.’ ಒಬ್ಬರೇ ಇದ್ದರೆ ಅರ್ಧ ಕೇಳಬಹುದು, ‘ಯೂನ್ ದಮಿ’. ಎಷ್ಟೋ ಅಂಗಡಿಗಳಲ್ಲಿ ನಡುವೆ ಕತ್ತರಿಸಿ ಕೊಡುತ್ತಾರೆ, ನಾಚಿಕೆ ಬೇಡ. ಕೆಂಪಗೆ ಬೆಂದದ್ದು ಬೇಕಾದರೆ ‘ಬಿಯಾಂ ಕ್ವೀತ್’, ಎಳಸು ಬೇಕಾದರೆ ‘ಪಾ ತ್ರೊ ಕ್ವೀತ್’. ಅಲ್ಲಿಯವರೇ ಎಳಸನ್ನು ಕೇಳುವುದು ಹೆಚ್ಚು. ನನಗದು ಸರಿಹೋಗುವುದಿಲ್ಲ, ಅರೆಬೆಂದ ರೊಟ್ಟಿ ತಿಂದಂತಿರುತ್ತದೆ. ನೀವು ‘ಬಿಯಾಂ ಕ್ವೀತ್’ ಎಂದೇ ಕೇಳಿ. ಕೊಟ್ಟಾದ ಮೇಲೆ ಆಕೆ ‘ಅವೆಕ್ ಸಸಿ?’ ಎನ್ನುತ್ತಾಳೆ, ಇದರ ಜೊತೆ ಇನ್ನೇನು ಎಂದರ್ಥ. ಸಾಕಾದರೆ ‘ಸ ಸರಾ ತೂ, ಮೆರ್ಸಿ’. ಕಾರ್ಡು ಬಹಳ ಕಡೆ ನಡೆಯುತ್ತದೆ, ಆದರೆ ಇಷ್ಟಕ್ಕಿಂತ ಕಡಿಮೆಗೆ ಆಗದು ಎಂದು ಚೀಟಿ ಅಂಟಿಸಿದ ಅಂಗಡಿಗಳೂ ಇವೆ. ಜೇಬಿನಲ್ಲಿ ಎರಡು-ಮೂರು ಯೂರೊ ಚಿಲ್ಲರೆ ಇರಲಿ.

ಹೊರಗೆ ಬಂದವರು ಬ್ರೆಡ್ಡಿನ ತುದಿ ಮುರಿದು ತಿನ್ನುತ್ತ ನಡೆಯುವುದನ್ನು ನೋಡುತ್ತೀರಿ. ಆ ತುದಿಗೆ ‘ಕಿನ್ಯೊಂ’ ಎಂದು ಹೆಸರೇ ಇದೆ. ನಡುರಸ್ತೆಯಲ್ಲಿ ತಿನ್ನುವುದನ್ನು ಅಷ್ಟಾಗಿ ಮೆಚ್ಚದ ಜನ ಈ ಒಂದು ತುಣುಕಿಗೆ ವಿನಾಯಿತಿ ಕೊಟ್ಟಿದ್ದಾರೆ. ಎಲ್ಲಕ್ಕಿಂತ ಗರಿಗರಿ ಇರುವುದೂ ಅಲ್ಲೇ. ಹಾಗಾಗಿ ರುಚಿ ನೋಡುವುದನ್ನು ಅಲ್ಲಿಂದಲೇ ಶುರುಮಾಡಿ.

ಬೆಣ್ಣೆಯ ಪದರಗಳು

ಎರಡನೆಯ ದಿನ ಕ್ರುವಾಸಾಂ. ನಮ್ಮ ಊರುಗಳ ಕೆಫೆಗಳಲ್ಲಿ ಕ್ರೊಸಾಂಟ್ ಎಂದು ಸಿಗುವುದು ಇದೇ. ಇದು ಹುಟ್ಟಿನಿಂದ ಫ್ರೆಂಚ್ ಅಲ್ಲ. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಝಾಂಗ್ ಎಂಬ ಆಸ್ಟ್ರಿಯಾದವನು ಪ್ಯಾರಿಸ್‌ನ ರಿಶೆಲ್ಯೂ ಬೀದಿಯಲ್ಲಿ ವಿಯೆನ್ನಾ ಮಾದರಿಯ ಬೇಕರಿ ತೆರೆದ. ಅಲ್ಲಿನ ಅರ್ಧಚಂದ್ರಾಕಾರದ ಬನ್ನನ್ನು ಊರಿನವರು ಅನುಕರಿಸಿದರು; ಮುಂದೆ ಅದಕ್ಕೆ ಪದರ ಹಿಟ್ಟು, ಬೆಣ್ಣೆ ಸೇರಿ ಇಂದಿನ ರೂಪ ಬಂತು. ಈಗಲೂ ಈ ಬಗೆಯ ತಿಂಡಿಗಳ ಒಟ್ಟು ಹೆಸರು ‘ವಿಯೆನ್ವಾಜ಼್ರಿ’, ಅಂದರೆ ವಿಯೆನ್ನಾದ್ದು. ತುರ್ಕರನ್ನು ಸೋಲಿಸಿದ ನೆನಪಿಗೆ ಈ ಆಕಾರ ಎಂಬ ಕಥೆಯನ್ನು ಗೈಡುಗಳು ಉತ್ಸಾಹದಿಂದ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆಧಾರವಿಲ್ಲ.

ಕೊಳ್ಳುವಾಗ ‘ಕ್ರುವಾಸಾಂ ಓ ಬರ್’ ಎಂದು ಕೇಳಿ, ಬೆಣ್ಣೆಯದು ಎಂದರ್ಥ. ಬರೀ ‘ಕ್ರುವಾಸಾಂ’ ಎಂದಿದ್ದರೆ ಮಾರ್ಗರಿನ್ ಇರಬಹುದು. ಬೆಣ್ಣೆಯದನ್ನು ನೇರವಾಗಿಯೂ ಮಾರ್ಗರಿನ್‌ನದನ್ನು ಕೊಂಬು ಬಾಗಿಸಿಯೂ ಮಾಡುವ ರೂಢಿ ಇದೆ. ರೂಢಿ ಅಷ್ಟೇ, ಕಾನೂನಲ್ಲ. ಚಿರೋಟಿ ಮಾಡಿದವರಿಗೆ ಇದರ ಒಳಗುಟ್ಟು ಗೊತ್ತು. ಹಿಟ್ಟಿನೊಳಗೆ ಬೆಣ್ಣೆಯ ಹಲಗೆ ಇಟ್ಟು, ಲಟ್ಟಿಸಿ, ಮೂರು ಮಡಿಕೆ ಹಾಕಿ, ತಣ್ಣಗಿಟ್ಟು, ಮತ್ತೆ ಲಟ್ಟಿಸಿ, ಹೀಗೆ ಮೂರು ಸಲ ಮಡಿಸಿದರೆ ಬೆಣ್ಣೆಯ 27 ಪದರ. ಭಟ್ಟಿಯಲ್ಲಿ ಬೆಣ್ಣೆಯ ನೀರು ಆವಿಯಾಗಿ ಪದರಗಳನ್ನು ಎತ್ತಿ ಬಿಡಿಸುತ್ತದೆ. ನಮ್ಮ ಬೇಕರಿ ಪಫ್ ಇದರದೇ ದಾಯಾದಿ. ಆದರೆ ಡಾಲ್ಡಾದ ಪಫ್ ಅಂಗುಳಿಗೆ ಮೆತ್ತಿಕೊಳ್ಳುತ್ತದೆ, ಬೆಣ್ಣೆ ಬಾಯಿಯ ಬಿಸಿಗೇ ಕರಗಿ ಹೋಗುತ್ತದೆ. ಜೊತೆಗೆ ಕ್ರುವಾಸಾಂ ಹಿಟ್ಟಿನಲ್ಲಿ ಯೀಸ್ಟೂ ಇರುವುದರಿಂದ ಒಳಗೆ ಜೇನುಗೂಡಿನಂತೆ ಮೆತ್ತಗಿರುತ್ತದೆ. ಬೆಳಿಗ್ಗೆಯೇ ತಿನ್ನಿ. ಸಂಜೆಗೆ ಉಳಿದಿದ್ದರೂ ಅದು ಅದಲ್ಲ.

ಇಲ್ಲೊಂದು ಎಚ್ಚರ. ಕ್ರುವಾಸಾಂ ಹಿಟ್ಟಿನಲ್ಲಿ ಮೊಟ್ಟೆ ಇರಬೇಕೆಂದಿಲ್ಲ, ಆದರೆ ಮೇಲಿನ ಹೊಳಪಿಗೆ ಮೊಟ್ಟೆ ಸವರುವುದು ವಾಡಿಕೆ. ಬ್ರಿಯೋಶ್‌ನಲ್ಲಂತೂ ಮೊಟ್ಟೆ ಧಾರಾಳ. ಹರಳು ಸಕ್ಕರೆ ಉದುರಿಸಿದ ಪುಟ್ಟ ಟೊಳ್ಳು ಉಂಡೆ ಶೂಕೆತ್, ಕಸ್ಟರ್ಡಿನ ಫ್ಲಾಂ, ಎಕ್ಲೇರ್, ಎಲ್ಲದರಲ್ಲೂ ಮೊಟ್ಟೆ ಉಂಟು. ಸೇಬಿನ ಹೂರಣ ತುಂಬಿದ ‘ಶೊಸೊಂ ಓ ಪೊಮ್’ ಒಳಗೆ ನಿರುಪದ್ರವಿಯಾದರೂ ಹೊಳಪು ಅದೇ ಮೊಟ್ಟೆಯದು. ಬೋರ್ದೊ ಕಡೆಯ ಕಾನೆಲೆಗೆ ಮೊಟ್ಟೆಯ ಜೊತೆ ರಮ್ ಕೂಡ ಹಾಕುತ್ತಾರೆ, ಹೆಸರಲ್ಲೇ ರಮ್ ಇರುವ ಬಾಬಾ ಬಗ್ಗೆ ಹೇಳುವುದೇ ಬೇಡ. ಅಲುಗಾಡುವ ಮೂಸ್ ಕೇಕುಗಳಲ್ಲಿ ಜೆಲಟಿನ್ ಇರಬಹುದು. ‘ಸಾಂಜ಼್ ಅ’ ಎಂದರೆ ಮೊಟ್ಟೆಯಿಲ್ಲದ್ದು. ಹಾಗೆ ಕೇಳಿದಾಗ ಅಂಗಡಿಯವರು ಯೋಚಿಸಿ ಯೋಚಿಸಿ ಕೊನೆಗೆ ಬ್ರೆಡ್ಡಿನ ಸಾಲಿಗೇ ಬೆರಳು ತೋರುತ್ತಾರೆ. ಮೊಟ್ಟೆ ಒಗ್ಗುವವರಿಗೆ ಈ ಎಲ್ಲ ತಾಪತ್ರಯವಿಲ್ಲ. ಎರಡು ಕಡ್ಡಿ ಚಾಕೊಲೇಟು ಸುತ್ತಿಟ್ಟ ‘ಪ್ಯಾಂ ಓ ಶೊಕೊಲಾ’ದಿಂದ ಅವರು ಶುರುಮಾಡಬಹುದು. ತೂಲೂಸ್, ಬೋರ್ದೊ ಕಡೆ ಹೋದರೆ ಇದನ್ನೇ ‘ಶೊಕೊಲಾತೀನ್’ ಎಂದು ಕೇಳಬೇಕು. ಪ್ಯಾರಿಸ್‌ನ ಹೆಸರು ಹೇಳಿದರೆ ಅಂಗಡಿಯವರೇ ತಿದ್ದುತ್ತಾರೆ. ನಮ್ಮಲ್ಲಿ ಉಳ್ಳಾಗಡ್ಡಿ-ಈರುಳ್ಳಿ ಇದ್ದ ಹಾಗೆ.

ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನಲ್ಲಿ ನಮ್ಮವರು ಎಡವುವುದು ಹೆಚ್ಚು. ‘ಕ್ರ್ಯುದಿತೆ’ ಎಂದರೆ ಹಸಿ ತರಕಾರಿ ಎಂದು ನಿಘಂಟು ಹೇಳುತ್ತದೆ, ನಿಜವೇ. ಆದರೆ ಸ್ಯಾಂಡ್‌ವಿಚ್ಚಿಗೆ ಆ ಹೆಸರಿದ್ದರೆ ತರಕಾರಿಯ ಅಡಿಯಲ್ಲಿ ಟ್ಯೂನಾ ಮೀನೋ, ಕೋಳಿಯೋ, ಬೇಯಿಸಿದ ಮೊಟ್ಟೆಯೋ ಮಲಗಿರುತ್ತದೆ. ಹೆಸರುವಾಸಿ ‘ಜಾಂಬೊಂ ಬರ್’ ಹಂದಿಮಾಂಸ ಮತ್ತು ಬೆಣ್ಣೆಯದು. ‘ಲಾರ್ದೊಂ’ ಎಂಬ ಮಾತು ಕಂಡರೆ ಅದೂ ಹಂದಿಯೇ, ಸಣ್ಣ ತುಂಡುಗಳಲ್ಲಿ. ಕೀಶ್ ಲೊರೇನ್‌ನಲ್ಲಿ ಇದ್ದೇ ಇರುತ್ತದೆ, ಆಲಿವ್ ಹಾಕಿದ ಫುಗಾಸ್ ಬ್ರೆಡ್ಡಿನಲ್ಲೂ ಕೆಲವೊಮ್ಮೆ ಅಡಗಿರುತ್ತದೆ. ‘ತೋಂ’ ಎಂದರೆ ಟ್ಯೂನಾ. ‘ಸಾಂ ವಿಯಾಂದ್, ಸಾಂ ಪ್ವಾಸೊಂ’, ಮಾಂಸ ಬೇಡ, ಮೀನೂ ಬೇಡ, ಎಂದು ಎರಡನ್ನೂ ಹೇಳಿ. ಮಾಂಸ ಬೇಡ ಎಂದಷ್ಟೇ ಹೇಳಿ ಮೀನು ಉಡುಗೊರೆ ಪಡೆದವರನ್ನು ಬಲ್ಲೆ. ಚೀಸು-ಬೆಣ್ಣೆಯದು ಸಿಗುತ್ತದೆ, ‘ಫ್ರೊಮಾಜ್’ ಎಂದು ಕೇಳಿ. ಆದರೆ ಅಲ್ಲಿನ ಹಳೆಯ ಹೆಸರಾಂತ ಚೀಸುಗಳಲ್ಲಿ ಬಹುಪಾಲಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ಮನಸ್ಸಿಗೆ ಒಗ್ಗದವರು ಚೀಸನ್ನೂ ಬಿಟ್ಟು ಬೆಣ್ಣೆಗೆ ನಿಲ್ಲುವುದು ಒಳ್ಳೆಯದು.

ಬೆಣ್ಣೆಗೆ ನಿಂತರೂ ನಷ್ಟವೇನಿಲ್ಲ. ಯಾವ ಸೂಪರ್ ಮಾರ್ಕೆಟ್ಟಿಗಾದರೂ ಹೋಗಿ ‘ದಮಿ ಸೆಲ್’ ಎಂದು ಬರೆದದ್ದನ್ನು ತನ್ನಿ, ಉಪ್ಪು ಬೆರೆಸಿದ್ದು. ಬ್ರಿಟನಿ ಸೀಮೆಯದರಲ್ಲಿ ಉಪ್ಪಿನ ಹರಳು ಹಲ್ಲಿಗೆ ಸಿಗುತ್ತದೆ. ಬಗೆಟ್‌ಅನ್ನು ಉದ್ದಕ್ಕೆ ಸೀಳಿ, ಬೆಣ್ಣೆಯನ್ನು ಸವರದೆ ಚೂರುಚೂರಾಗಿ ಇಟ್ಟು ತಿನ್ನಿ. ಅಲ್ಲಿಯವರು ಬೆಳಗಿನ ಹೊತ್ತು ಇದಕ್ಕೆ ಜಾಮ್ ಹಚ್ಚಿ, ಬಟ್ಟಲಿನಗಲದ ಹಾಲು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಅದ್ದುವುದು ನಮ್ಮೊಬ್ಬರದೇ ಚಟ ಎಂದು ನಾನು ತಿಳಿದಿದ್ದೆ. ದೊಡ್ಡವ್ವ ಬೆಣ್ಣೆಯ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದಳು. ಇಡೀ ಪ್ರವಾಸದಲ್ಲಿ ನಾನು ತಿಂದ ಅತ್ಯುತ್ತಮ ತಿಂಡಿ ಅದೇ. ಬಿಲ್ಲು ತೋರಿಸಿ ಹೊಟ್ಟೆ ಉರಿಸುವ ರೆಸ್ಟೊರೆಂಟುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ. ಆದರೆ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆ ಮನೆಯಲ್ಲೇ ಇರಲಿ.

ಯಾವಾಗ, ಎಲ್ಲಿ

ಬೇಕರಿಗಳು ಏಳರ ಹೊತ್ತಿಗೆ ತೆರೆದು ರಾತ್ರಿ ಎಂಟರವರೆಗೆ ಇರುವುದು ಸಾಮಾನ್ಯ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ವಾರಕ್ಕೊಂದೆರಡು ದಿನ ರಜೆ ಇರುತ್ತದೆ, ಯಾವ ದಿನ ಎಂದು ಬಾಗಿಲ ಮೇಲೆ ಬರೆದಿರುತ್ತಾರೆ. ಆಗಸ್ಟಿನಲ್ಲಿ ಹೋಗುವವರು ಓಣಿಯ ಬೇಕರಿ ವಾರಗಟ್ಟಲೆ ಮುಚ್ಚಿದ್ದರೆ ಗಾಬರಿಯಾಗಬೇಡಿ. ಕ್ರಾಂತಿಯ ಕಾಲದಿಂದ, ಅಂದರೆ 1790ರಿಂದ, ಪ್ಯಾರಿಸ್‌ನ ಬೇಕರಿಯವರು ಎಲ್ಲರೂ ಒಟ್ಟಿಗೆ ರಜೆ ಹಾಕುವಂತಿರಲಿಲ್ಲ; ಜನಕ್ಕೆ ಬ್ರೆಡ್ಡು ಸಿಗದಿದ್ದರೆ ಏನಾಗುತ್ತದೆಂದು ಆ ಊರಿಗೆ ಚೆನ್ನಾಗಿ ಗೊತ್ತಿತ್ತು. ಆ ನಿರ್ಬಂಧ ಸಡಿಲವಾಗಿ, 2015ರ ಬೇಸಿಗೆಯಿಂದ ಅವರೂ ಮನಸ್ಸಿಗೆ ಬಂದಾಗ ರಜೆ ಹೋಗುತ್ತಾರೆ. ಜನವರಿಯಲ್ಲಿ ಹೋದವರಿಗೆ ‘ಗಾಲೆತ್ ದೆ ರ‍್ವಾ’ ಎಂಬ ಪದರದ ಹೋಳಿಗೆಯಂಥದ್ದು ಎಲ್ಲ ಅಂಗಡಿಯಲ್ಲೂ ಕಾಣುತ್ತದೆ. ಒಳಗೆ ಬಾದಾಮಿಯ ಹೂರಣ, ಅದರೊಳಗೆ ಎಲ್ಲೋ ಒಂದು ಕಡೆ ಪುಟ್ಟ ಪಿಂಗಾಣಿ ಬೊಂಬೆ. ಅದು ಯಾರ ಪಾಲಿಗೆ ಬಂದೀತೋ ಅವರು ಆ ದಿನದ ರಾಜ. ಹಲ್ಲು ಜೋಪಾನ.

ಎಲ್ಲಿ ಎಂದರೆ ಹತ್ತಿರದ್ದೇ ಸಾಕು. ಊರು ದಾಟಿ ಹೋಗಿ ಸಾಲು ನಿಲ್ಲುವ ಹಟ ಬ್ರೆಡ್ಡಿಗೆ ಸಲ್ಲದು. ತಲುಪುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಎರಡು ವಿನಾಯಿತಿ ಮಾಡಬಹುದು. ಬಗೆಟ್ ಬರುವುದಕ್ಕೆ ಮೊದಲಿನ ಬ್ರೆಡ್ಡು ಹೇಗಿತ್ತೆಂದು ತಿಳಿಯುವ ಆಸೆಯಿದ್ದರೆ ಶೆರ್ಶ್-ಮಿದಿ ಬೀದಿಯ 8ನೇ ನಂಬರಿನ ಪ್ವಾಲಾನ್ ಅಂಗಡಿಗೆ ಹೋಗಿ. 1932ರಿಂದ ಅಲ್ಲಿ ಕಟ್ಟಿಗೆಯ ಭಟ್ಟಿಯಲ್ಲಿ ಹುಳಿಹಿಟ್ಟಿನ ದುಂಡು ಬ್ರೆಡ್ಡು ಸುಡುತ್ತಿದ್ದಾರೆ. ಒಂದೊಂದೂ ಸುಮಾರು ಎರಡು ಕಿಲೊ, ಕತ್ತರಿಸಿದ್ದೂ ಸಿಗುತ್ತದೆ. ನಾಲ್ಕೈದು ದಿನ ಕೆಡುವುದಿಲ್ಲ, ರೈಲು ಪ್ರಯಾಣಕ್ಕೆ ಅನುಕೂಲ.

ಎರಡನೆಯದು, ಆ ವರ್ಷ ಬಹುಮಾನ ಗೆದ್ದ ಅಂಗಡಿ. ಪ್ಯಾರಿಸ್ ನಗರಸಭೆ 1994ರಿಂದ ವರ್ಷಕ್ಕೊಮ್ಮೆ ತ್ರಾದಿಸಿಯೊಂ ಬಗೆಟ್‌ನ ಸ್ಪರ್ಧೆ ನಡೆಸುತ್ತದೆ. ರುಚಿ, ಬೆಂದ ಹದ, ಒಳತಿರುಳು, ಪರಿಮಳ, ನೋಟ, ಇವಕ್ಕೆ ಅಂಕ. ಗೆದ್ದವರಿಗೆ 4,000 ಯೂರೊ, ಜೊತೆಗೆ ಒಂದು ವರ್ಷ ಅಧ್ಯಕ್ಷರ ನಿವಾಸ ಎಲಿಜೆಗೆ ಬ್ರೆಡ್ಡು ಕೊಡುವ ಗೌರವ. 2023ರಲ್ಲಿ ಗೆದ್ದವರು ಶ್ರೀಲಂಕಾದಿಂದ ವಲಸೆ ಹೋದ ತರ್ಶನ್ ಸೆಲ್ವರಾಜ. ಯುನೆಸ್ಕೊ 2022ರ ನವೆಂಬರಿನಲ್ಲಿ ಬಗೆಟ್ ಮಾಡುವ ಕಸುಬನ್ನೂ ಅದರ ಸುತ್ತಲಿನ ಬದುಕನ್ನೂ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ ಕೆಲವೇ ತಿಂಗಳಿಗೆ, ಆ ಪರಂಪರೆಯ ಅತ್ಯುತ್ತಮ ಕೋಲು ನಮ್ಮ ಪಕ್ಕದ ದ್ವೀಪದವರ ಕೈಯಿಂದ ಬಂತು. ಲಾ ಶಾಪೆಲ್ ಸುತ್ತಲಿನ ತಮಿಳು ಅಂಗಡಿಗಳ ಬೀದಿಯಲ್ಲಿ ಇಡ್ಲಿ ಹುಡುಕಿಕೊಂಡು ಹೋಗುವ ನಮ್ಮವರು ಈ ಸಂಗತಿಯನ್ನೂ ನೆನಪಿನಲ್ಲಿಡಬಹುದು.

ಉಳಿದರೆ

ಉಳಿಯುತ್ತದೆ. ಮೊದಲ ದಿನದ ಉತ್ಸಾಹದಲ್ಲಿ ಎಲ್ಲರೂ ಎರಡು ಕೊಳ್ಳುತ್ತಾರೆ. ಕೊಬ್ಬಿನಂಶವಿಲ್ಲದ ಬ್ರೆಡ್ಡು ಬೇಗ ಗಟ್ಟಿಯಾಗುತ್ತದೆ. ಬೆಳಗಿನದು ರಾತ್ರಿಗೆ ಪರವಾಗಿಲ್ಲ, ಮರುದಿನಕ್ಕೆ ದೊಣ್ಣೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಚಿಪ್ಪು ಚಪ್ಪಲಿಯ ತೊಗಲಿನಂತಾಗುತ್ತದೆ, ಅಂಗಡಿಯವರು ಕೊಟ್ಟ ಕಾಗದದಲ್ಲೇ ಇರಲಿ. ಫ್ರಿಜ್ಜಿನಲ್ಲಿ ಇಡಲೇಬೇಡಿ, ಅಲ್ಲಿ ಇನ್ನೂ ಬೇಗ ಒಣಗುತ್ತದೆ. ಮರುದಿನ ಬೆಳಿಗ್ಗೆ ಮೇಲೆ ನೀರು ಚಿಮುಕಿಸಿ ಕಾದ ಓವನ್ನಿನಲ್ಲಿ ಐದು ನಿಮಿಷ ಇಟ್ಟರೆ ಒಮ್ಮೆ ಜೀವ ಬರುತ್ತದೆ. ಒಮ್ಮೆ ಮಾತ್ರ. ಕೂಡಲೇ ತಿಂದು ಮುಗಿಸಬೇಕು. ಮೇಜಿನ ಮೇಲೆ ಬ್ರೆಡ್ಡನ್ನು ಬೋರಲು ಇಡಬೇಡಿ; ಹಿಂದೆ ಗಲ್ಲಿಗೇರಿಸುವವನ ಪಾಲಿನ ಬ್ರೆಡ್ಡನ್ನು ಹಾಗೆ ಮಗುಚಿ ಇಡುತ್ತಿದ್ದರಂತೆ, ಮನೆಗೆ ಶುಭವಲ್ಲ ಎಂದು ಅಲ್ಲಿನ ಹಿರಿಯರು ಈಗಲೂ ತಿರುಗಿಸಿಡುತ್ತಾರೆ.

ಎರಡು ದಿನದ ಹಳೆಯದನ್ನು ಫ್ರೆಂಚರು ಹಾಲು, ಮೊಟ್ಟೆ, ಸಕ್ಕರೆಯಲ್ಲಿ ನೆನೆಸಿ ಬೆಣ್ಣೆಯಲ್ಲಿ ಬೇಯಿಸುತ್ತಾರೆ. ನಾವು ‘ಫ್ರೆಂಚ್ ಟೋಸ್ಟ್’ ಎನ್ನುವ ಅದಕ್ಕೆ ಅವರಿಟ್ಟ ಹೆಸರು ‘ಪ್ಯಾಂ ಪೆರ್ದ್ಯು’, ಕಳೆದುಹೋದ ಬ್ರೆಡ್ಡು. ದೊಡ್ಡವ್ವನಿಗೆ ಮೊಟ್ಟೆ ಆಗದಲ್ಲ. ಹೊರಡುವ ಹಿಂದಿನ ರಾತ್ರಿ ಉಳಿದಿದ್ದ ಒಂದೂವರೆ ಕೋಲನ್ನು ಕೈಯಲ್ಲೇ ಮುರಿದು, ನೀರು ಚಿಮುಕಿಸಿ ಮುಚ್ಚಿಟ್ಟಳು. ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ, ಮನೆಯಲ್ಲಿ ಮೆತ್ತಗಾದ ರೊಟ್ಟಿಗೆ ಕೊಡುವಂಥದೇ ಒಗ್ಗರಣೆ ಕೊಟ್ಟಳು. ಮೆಣಸಿನ ಘಾಟಿಗೆ ನಾನು ಕಿಟಕಿ ತೆರೆದೆ. ತಾಟಿಗೆ ಬಡಿಸುವಾಗ, ಈ ಊರಿನವರು ಹಳೆಯ ಬ್ರೆಡ್ಡಿಗೆ ಕಳೆದುಹೋದದ್ದು ಅನ್ನುತ್ತಾರೆ ಎಂದು ಅವಳಿಗೆ ಹೇಳಿದೆ.

“ಎಲ್ಲಿ ಕಳದೈತೋ, ತಾಟಿನ್ಯಾಗ ಐತಲ್ಲ” ಎಂದು ಇನ್ನೊಂದು ಸೌಟು ಹಾಕಿದಳು.